ಅಜ್ಜಿಯ ಕೈತುತ್ತು

ಸೊಸೆಗೆ ಅತ್ತೆಯ ಆಶೀರ್ವಾದ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಾಪುವಿಗೆ ಆಮಶಂಕೆಯಾದಾಗ "ನಿನ್ನ ಕೈಯೇ ಗಲೀಜು" ಎಂದು ನಿನ್ನನ್ನು ಬೈದು ಮಗಳ ಮನೆಗೆ ಬಂದುಬಿಟ್ಟೆ. ಮನೆಮಂದಿಯೆಲ್ಲ ಮಲ ಪರೀಕ್ಷೆ ಮಾಡಿಸಬೇಕು ಎಂದು ಪಾಪುವನ್ನು ನೋಡಿದ ಡಾಕ್ಟರು ಹೇಳಿದ್ದರಲ್ಲ, ನಾನು ಇಲ್ಲಿ ಮಾಡಿಸಿದೆ. "ಅಜ್ಜಿ, ನಿಮ್ಮ ಹೊಟ್ಟೇಲಿ ಅಮೀಬಾ ಇದೆ. ನಿಮಗೇನೂ ಆಗಿಲ್ಲ, ಆದ್ರೆ ನಿಮ್ಮ ಕೈಯಿಂದಲೇ ಮಗೂಗೆ ಹೋಗಿರಬೇಕು" ಅಂದರು ಇಲ್ಲಿಯ ಡಾಕ್ಟರು.

ಸೋಪಿನ ವಾಸನೆ ತುತ್ತಿಗೆ ಹತ್ತುತ್ತದೆಂದು ಬರೀ ನೀರಿನಲ್ಲಿ ಕೈ ತೊಳೆದು ಉಣಿಸುತ್ತಿದ್ದವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನನ್ನ ಲೋಟ ತಟ್ಟೆಗಳನ್ನು ಕುದಿಯುವ ನೀರಿನಲ್ಲಿ ತೊಳೆದಿಡು. ಮಾತ್ರೆ ಮುಗಿಯುವವರೆಗೆ ನಾನು ಬರುವುದಿಲ್ಲ. ಪಾಪು "ಅಜ್ಜಿ ತುತ್ತು" ಎಂದು ಹಟ ಹಿಡಿದರೆ, ಅಜ್ಜಿಯ ಕೈಗೆ ಗಾಯವಾಗಿದೆ ಎನ್ನು. ನೀನೇ ಉಣಿಸು. ಆ ದಿನ ನಾನು ಬೈಯುತ್ತಿದ್ದಾಗಲೂ ನಿನ್ನ ಕೈತುಂಬ ಸೋಪಿನ ನೊರೆಯಿತ್ತು.

ನಿನ್ನ ಅತ್ತೆ