ಪಂಪನ್ನು ನಿಧಾನ ಮಾಡಿದ ಮೇಲೆ

ತಮ್ಮಾ,

ಸಂಜೆ ನಾಲ್ಕಕ್ಕೆ ಅಜ್ಜಿಗೆ ಸ್ನಾನ ಮಾಡಿಸು. ಉಗುರುಬೆಚ್ಚಗಿನ ನೀರು ಮಂಡಿನೋವಿಗೆ ಸಾಲದೆಂದು ವಾರದಿಂದ ಸ್ನಾನವನ್ನೇ ಬಿಟ್ಟಿದ್ದಾಳೆ.

ಮಹಡಿಯ ಸೋಲಾರ್ ಹೀಟರಿನಲ್ಲಿ ಬಿಸಿಲಿನ ಫಲಕಕ್ಕೂ ಟ್ಯಾಂಕಿಗೂ ನೀರು ಸುತ್ತಿಸುವ ಪಂಪಿನ ವೇಗ ಮಾತ್ರ ಮುಟ್ಟಬೇಡ. "ಜೋರಾಗಿ ಓಡ್ಲಿ ಬಿಡಕ್ಕ, ಬೇಗ ಕಾಯತ್ತೆ" ಎಂದು ನೀನು ಮೂರರಲ್ಲಿಟ್ಟಿದ್ದೆ, ಮಹಾಪಂಡಿತ! ಟ್ಯಾಂಕಿನ ನೀರೆಲ್ಲ ಕಲಸಿಹೋಗಿ ಮೂವತ್ತೆಂಟು ಡಿಗ್ರಿ ದಾಟಲಿಲ್ಲ. ನಿನ್ನೆ ಬೆಳಿಗ್ಗೆ ವೇಗವನ್ನು ಒಂದಕ್ಕೆ ಇಳಿಸಿದೆ. ಮಧ್ಯಾಹ್ನ ನೋಡಿದರೆ ಟ್ಯಾಂಕಿನ ಮೇಲಿನ ಮಾಪಕದಲ್ಲಿ ಐವತ್ತೆಂಟು, ಕೆಳಗಿನದರಲ್ಲಿ ಇಪ್ಪತ್ತಾರು. ಒಂದೇ ಟ್ಯಾಂಕಿನೊಳಗೆ ಬಿಸಿನೀರು ತಣ್ಣೀರಿನ ಮೇಲೆ ಅಲುಗಾಡದೆ ನಿಂತಿತ್ತು ಕಣೋ! ಬಿಸಿಲಿನಲ್ಲಿ ಬಾಯಿಬಿಟ್ಟುಕೊಂಡು ನೋಡುತ್ತಾ ನಿಂತುಬಿಟ್ಟೆ.

ಪಂಪನ್ನು ಪೂರ್ತಿ ನಿಲ್ಲಿಸಲೂಬೇಡ, ಫಲಕದಲ್ಲಿ ನೀರು ಕುದಿಯುತ್ತದೆ.

ಅಜ್ಜಿಯ ಮೈಮೇಲೆ ಹುಯ್ಯುವ ಮೊದಲು ತಣ್ಣೀರು ಬೆರೆಸಿ, ಕೈ ಅದ್ದಿ ನೋಡು. ಸೋಲಾರ್ ಬಂದ ಮೇಲೆ ಈ ಮನೆಯಲ್ಲಿ ತಣ್ಣೀರು ಬೆರೆಸಬೇಕಾಗಿರುವುದು ಇದೇ ಮೊದಲು.

ಅಕ್ಕ