ಕಿರುಚಿದರೆ ಹೋಗಬಾರದು

ಮಾರ್ಚ್ ೧೧, ಮಂಗಳವಾರ

ಗಿಣಿ ಇವತ್ತೂ ಎದೆಯ ಪುಕ್ಕ ಕಿತ್ತುಕೊಂಡಿದೆ. ಪಂಜರದ ಅಡಿಯ ಹಸಿರು ಚೂರುಗಳನ್ನು ಗುಡಿಸುವಾಗ ಅಳುವೇ ಬಂತು. ಪುಕ್ಕದ ಬದಲು ಹರಿಯಲಿ ಎಂದು ಪಂಜರಕ್ಕೆ ರಟ್ಟಿನ ತುಂಡು ಕಟ್ಟಿದ್ದೇನೆ, ದಿನಾ ಮೈಗೆ ನೀರು ಚಿಮುಕಿಸುತ್ತೇನೆ. "ಕಿರುಚಿದಾಗ ಯಾರೂ ಹೋಗಬೇಡಿ, ಸುಮ್ಮನಿದ್ದಾಗ ಹೋಗಿ ಮಾತಾಡಿಸಿ" ಎಂದಿದ್ದರು ಡಾಕ್ಟರು. ಅದಕ್ಕೇ ಹಲ್ಲು ಕಚ್ಚಿ ಕೂರುತ್ತೇನೆ, ಹೊಲಿಗೆ ಮಷಿನ್ ಬಿಟ್ಟು ಏಳುವುದಿಲ್ಲ. ಆದರೂ ಅರಚಾಟ ಜೋರಾಗುತ್ತಲೇ ಇದೆ.

ಯಾಕೆಂದು ಮಧ್ಯಾಹ್ನ ತಿಳಿಯಿತು. ದಾರದ ಉಂಡೆಗೆಂದು ಒಳಗೆ ಹೋದರೆ, ಕಿರುಚುತ್ತಿದ್ದ ಗಿಣಿಯ ಮುಂದೆ ಅತ್ತೆ ನಿಂತು, "ಬಂದೆ ಕಣೋ, ಬಂದೆ" ಎನ್ನುತ್ತ ಸೂರ್ಯಕಾಂತಿ ಬೀಜ ತಿನ್ನಿಸುತ್ತಿದ್ದಾರೆ!

"ಅತ್ತೆ, ಎಷ್ಟು ಸಲ ಬಡ್ಕೊಳ್ಳಲಿ? ಸುಮ್ಮನಿದ್ದಾಗ ಮಾತಾಡಿಸಬೇಕು."

"ಸುಮ್ಮನಿದ್ದಾಗ ನೀನು ಹೋಗ್ತೀಯಾ?"

ಇಲ್ಲ. ಅದು ಸುಮ್ಮನಾದರೆ ಸದ್ಯ ಎಂದುಕೊಂಡು ಇನ್ನೊಂದು ತೋಳು ಹೊಲಿಯುತ್ತೇನೆ. ಅದು ಪುಕ್ಕ ಕೀಳುವುದೂ ಆಗಲೇ.

ಅತ್ತೆ ರಾತ್ರಿ ಊಟಕ್ಕೆ ಕರೆದಾಗ ಬಂದರು, ಉಂಡರು, ಕೋಣೆಗೆ ಹೋದರು. ದಿನವೂ ಹಾಗೆಯೇ. ನಮ್ಮತ್ತೆ ಮನೆಯಲ್ಲಿರುವುದೇ ಗೊತ್ತಾಗುವುದಿಲ್ಲ ಎಂದು ಬಟ್ಟೆ ಕೊಡಲು ಬಂದವರ ಮುಂದೆಲ್ಲ ಹೊಗಳುತ್ತೇನೆ. ಅದೇ ಮಾತು ಈಗ ತಲೆ ಕೊರೆಯುತ್ತಿದೆ. ಅವರ ಕೋಣೆಯಲ್ಲಿ ನಾನು ಕೂತು ಯಾವ ಕಾಲವಾಯಿತು?

ಗಿಣಿಯ ಸದ್ದಿಲ್ಲ. ಅತ್ತೆಯ ಕೋಣೆಯಲ್ಲೂ ಸದ್ದಿಲ್ಲ, ಆದರೆ ದೀಪ ಇನ್ನೂ ಉರಿಯುತ್ತಿದೆ. ಅವರು ನನ್ನನ್ನು ಕರೆದೇ ಇಲ್ಲವಲ್ಲ, ಹೋಗಿ ಏನನ್ನಲಿ? ಬಂದೆ ಅತ್ತೆ, ಬಂದೆ...