ಗಾಡಿಯ ಮೇಲೆ ಕೇಳಿದ ನಿನ್ನ ಸ್ವರ

ಟ್ರೆಮೆ, ನ್ಯೂ ಆರ್ಲಿಯನ್ಸ್
ಸೋಮವಾರ, 11 ಏಪ್ರಿಲ್ 1921

ಕೇಳಿರಿ, ಕೇಳಿರಿ! ಕಾಗದ ಒಡೆದು ಗಟ್ಟಿಯಾಗಿ ಓದುತ್ತಿರುವ ಲಿಯೋಂಟೀನ್ ಅತ್ತಿಗೆಯೇ, ಮೆಟ್ಟಿಲ ಮೇಲೆ ಕೂತ ಮಕ್ಕಳೇ, ಗೋಡೆಗೆ ಕಿವಿ ಹಚ್ಚಿರುವ ಚಿಕಾಗೋದ ನೆರೆಹೊರೆಯ ಮಹಾಜನರೇ, ಹತ್ತಿರ ಬನ್ನಿ! ನಿಮ್ಮೆಲ್ಲರ ಎದುರಿಗೇ ನನ್ನಣ್ಣನನ್ನು ವಿಚಾರಣೆಗೆ ನಿಲ್ಲಿಸಬೇಕಾಗಿದೆ!

ಪ್ರೀತಿಯ ಅಣ್ಣ ಹೊನೋರೆ, ಕ್ಷೇಮವೇ? ಎದೆಯ ಕಫ ಇಳಿಯಿತೇ? ನನ್ನ ಹೆಂಡತಿ ಕ್ಲೋತಿಲ್ಡ್ ಒಳಗೆ ಕೆಂಪು ಬೀನ್ಸ್ ಬೇಯಿಸುತ್ತಿದ್ದಾಳೆ. ಒಲೆಯ ಮುಂದಿನಿಂದಲೇ ನಿನ್ನ ಯೋಗಕ್ಷೇಮ ವಿಚಾರಿಸಿದ್ದಾಳೆ. ನಾನು ಊಟಕ್ಕೆ ಏಳಲಾರೆ. ಏಕೆಂದು ಹೇಳುತ್ತೇನೆ.

ನಿನ್ನೆ ನಮ್ಮ ಬ್ಯಾಂಡು ಗಾಡಿಯೇರಿ ಶನಿವಾರದ ಕುಣಿತದ ಪ್ರಚಾರಕ್ಕೆ ಹೊರಟಿತ್ತು. ರಾಂಪಾರ್ಟ್ ಬೀದಿಯ ತಿರುವಿನಲ್ಲಿ ಎದುರಾಳಿ ಬ್ಯಾಂಡಿನ ವಾಲ್ಸಿನ್‌ನ ಗಾಡಿ ಎದುರಾಯಿತು. ಜನ ಬಿಟ್ಟಾರೆಯೇ? ಎರಡೂ ಗಾಡಿಗಳ ಚಕ್ರಗಳನ್ನು ಹಗ್ಗದಿಂದ ಬಿಗಿದರು. ಒಬ್ಬ ಸೋಲುವ ತನಕ ಇಬ್ಬರಿಗೂ ಬಿಡುಗಡೆಯಿಲ್ಲ. ಕೆರೆಯ ದಂಡೆಯ ಕುಣಿತದ ಮನೆಯ ಮಾಲೀಕನೂ ಅಲ್ಲೇ ನಿಂತಿದ್ದ. ಗೆದ್ದವನಿಗೆ ಬೇಸಿಗೆಯಿಡೀ ಅಲ್ಲಿ ನುಡಿಸುವ ಕೆಲಸ! ವಾಡಿಕೆಯಂತೆ ಬೆರಳ ಮೇಲೆ ಕರವಸ್ತ್ರ ಹೊದಿಸಿ ನನ್ನ ಕಾರ್ನೆಟ್ ತುತ್ತೂರಿ ಊದಿದೆ. ಬೆರಳು ತೋರಿಸಿ ಕಾರ್ನೆಟ್ ಊದಿದವನ ಚಳಕ ಮರುದಿನವೇ ಪಕ್ಕದ ಬೀದಿಯಲ್ಲಿ ತಿರುಗುತ್ತದೆ ಎಂಬುದು ನಿನಗೆ ಗೊತ್ತಿಲ್ಲದ್ದೇ? ನನ್ನ ಸರದಿ ಮುಗಿಯಿತು. ವಾಲ್ಸಿನ್ ಕಾರ್ನೆಟ್ ಎತ್ತಿದ. ಆಹಾ, ಬಂತಲ್ಲ ನನ್ನದೇ ಆ ಜಾರುವ ಅಳು! ಜನ ಹುಚ್ಚೆದ್ದರು. ನಾನು ಸೋತೆ.

ನನ್ನ ಚಳಕವನ್ನು ಅವನಿಗೆ ಕೊಟ್ಟವರು ಯಾರು? ಮೊದಲು ಅನುಮಾನ ಬಿದ್ದದ್ದು ಹಿಂದೆ ಕೂತು ಟ್ರೊಂಬೋನ್ ಊದುವ ಓಮೇರ್ ಮೇಲೆ. ಕುತ್ತಿಗೆಪಟ್ಟಿ ಹಿಡಿದೆ. “ನಿನ್ ಬೆನ್ ನೋಡ್ಕೊಂಡು ಯಾರಾದ್ರೂ ಕಲೀತಾರೇನೋ ಎವಾರಿಸ್ಟ್? ಕಲ್ತಿದ್ರೆ ನಾನ್ಯಾಕೆ ಇನ್ನೂ ಗಾಡಿ ತುದೀಲಿ ಕಾಲು ಇಳಿಬಿಟ್ಕೊಂಡು ಕೂತಿರ್ತಿದ್ದೆ?” ಎಂದ. ಕ್ಲೋತಿಲ್ಡ್‌ಳನ್ನು ಕೇಳಿದರೆ, “ಇನ್ನು ಬೆಕ್ಕೊಂದು ಬಾಕಿ, ಅದನ್ನೂ ಕೇಳ್ಬಿಡಿ” ಎನ್ನುತ್ತಾಳೆ!

ಆಮೇಲೆ ಹೊಳೆಯಿತು, ಅಣ್ಣ. ಆ ಅಳು ನನ್ನದಲ್ಲ. ಅಪ್ಪನ ಹಳೆಯ ಕಾರ್ನೆಟ್ಟಿನ ನಡುವಿನ ಗುಂಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತಲ್ಲ, ಸ್ವರ ಜಾರಿಹೋಗುತ್ತಿತ್ತಲ್ಲ, ಆ ದೋಷವನ್ನೇ ನಾವಿಬ್ಬರೂ ಸೊಗಸು ಮಾಡಿಕೊಂಡೆವು. ನಾನು ಸಾಲಿನ ಕೊನೆಯಲ್ಲಿ ಜಾರುತ್ತೇನೆ. ನೀನು ಮೊದಲಲ್ಲೇ ಜಾರಿ, ಉಸಿರು ಕಟ್ಟಿ ನಿಲ್ಲುತ್ತಿದ್ದೆ. ವಾಲ್ಸಿನ್ ಜಾರಿದ್ದೂ ಮೊದಲಲ್ಲೇ! ಅವನು ಚಳಿಗಾಲ ಕಳೆದದ್ದು ಚಿಕಾಗೋದಲ್ಲಿ, ನಿನ್ನ ಊರಿನಲ್ಲಿ! ನಮ್ಮ ಸೊಗಸನ್ನು ಅವನಿಗೆ ದಾಟಿಸಿದವನು ನೀನೇ! ಬೈಬಲ್ಲಿನ ಕಾಯಿನನು ತಮ್ಮನನ್ನು ಹೊಲಕ್ಕೆ ಕರೆದೊಯ್ದು ಕೊಂದ, ಬೀದಿಯ ನಡುವೆ ಜನ ಸೇರಿಸಿ ಅಲ್ಲ!

ಮಕ್ಕಳಿಗೆ ಮುತ್ತು, ಅತ್ತಿಗೆಗೆ ನಮಸ್ಕಾರ. ನಿನಗೆ ಏನೂ ಇಲ್ಲ.

ನಿನ್ನಿಂದಲೇ ಸೋತ ತಮ್ಮ,
ಎವಾರಿಸ್ಟ್

ಮರೆತ ಮಾತು: ಅತ್ತಿಗೆ, ಇಲ್ಲಿಂದ ಗಟ್ಟಿಯಾಗಿ ಓದಬೇಡಿ. ಅಣ್ಣನ ಕೈಗೆ ಕೊಡಿ.

ಅಣ್ಣ, ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ವಾಲ್ಸಿನ್ ತಾನೇ ಬಾಗಿಲಿಗೆ ಬಂದ. ಕಳ್ಳ ಎಂದೆ. “ಕದ್ದಿಲ್ಲ ಮಾರಾಯ. ಹೊನೋರೆಯಣ್ಣನೇ ಕೂರಿಸ್ಕೊಂಡು ಹೇಳ್ಕೊಟ್ಟ. ಯಾರ ಬಾಯಲ್ಲಾದ್ರೂ ಉಳೀಲಿ ಅಂದ” ಎಂದ. ಹೇಗೆ ಊದಿ ತೋರಿಸಿದ ಎಂದು ಕೇಳಿದೆ. ಅವನು ನೆಲ ನೋಡಿದ. “ಊದ್ಲಿಲ್ಲ. ಗುನುಗಿ ತೋರಿಸ್ದ. ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತಿದ್ದ.”

ಮುಂದಿನ ಹಲ್ಲು ಹೋಯಿತೇ? ತುಟಿ ಒಡೆಯಿತೇ? ಪ್ರತಿ ಕಾಗದದಲ್ಲೂ ದಿನಾ ನುಡಿಸುತ್ತಿದ್ದೇನೆಂದು ಬರೆದೆಯಲ್ಲ, ಅತ್ತಿಗೆಯೂ ಸುಮ್ಮನಿದ್ದರಲ್ಲ! ಊದಲಾಗದೆ ಅಲ್ಲಿ ಹೊಟ್ಟೆಗೆ ಏನು ಮಾಡುತ್ತಿದ್ದೀಯ? ಹೊರಗಿನವನಿಗೆ ಹೇಳಿದ್ದನ್ನು ನನಗೇಕೆ ಹೇಳಲಿಲ್ಲ?

ಉತ್ತರ ಬರೆಯಬೇಡ, ಬರೆದರೆ ಮತ್ತೆ ಸುಳ್ಳೇ ಬರೆಯುತ್ತೀಯ. ಈ ಕಾಗದ ಇಂದಿನ ರೈಲಿಗೆ ಹೋಗುತ್ತದೆ. ನಾಳೆ ಬೆಳಿಗ್ಗೆ ನಾನು ಚಿಕಾಗೋ ರೈಲು ಹತ್ತುತ್ತೇನೆ, ನಿನ್ನ ಬಾಗಿಲು ತಟ್ಟಿ, ಬಾಯಿಗೆ ಅಡ್ಡವಿಟ್ಟ ಆ ಕೈಯನ್ನು ನಾನೇ ತೆಗೆಯುತ್ತೇನೆ.